ಅರಿಶಿನ ಹಚ್ಚಿದ ಬೋಲ್ಟು

2025ರ ಡಿಸೆಂಬರ್ 4, ಗುರುವಾರ, ಬೆಳಿಗ್ಗೆ ಹನ್ನೊಂದೂವರೆ. ತಾಯಲೂರಿನ ಆವಲಪ್ಪ ಮುಳಬಾಗಿಲು ಗ್ರಾಮಾಂತರ ಠಾಣೆಗೆ ಎಂಟ್ರಿ ಕೊಟ್ರು. ಬಿಜಿಎಂ ಇಲ್ಲ, ಸ್ಲೋ ಮೋಷನ್ ಇಲ್ಲ. ಬಿಳಿ ಅಂಗಿ ತುಂಬ ಹೆಂಡತಿ ರಕ್ತ, ಒಂದೇ ಕಾಲಿಗೆ ಚಪ್ಪಲಿ. ಪಕ್ಕದಲ್ಲಿ ದೊಡ್ಡಳಿಯ ಕದಿರೇಶ್, ಬೈರಕೂರು ಕ್ರಾಸಲ್ಲಿ ಕಾರ್ ಗ್ಯಾರೇಜ್ ಇಟ್ಕೊಂಡಿರೋ ಆಸಾಮಿ. ಒಂದು ಕೈಲಿ ಮಾವನ ತೋಳು, ಇನ್ನೊಂದು ಕೈಲಿ ನೀರಿನ ಬಾಟ್ಲು.

"ಸಾಮೀ, ನನ್ನ ಮಗಳ್ನ, ನನ್ನ ಹೆಂಡ್ರನ್ನ ಸಾಯಿಸ್ಬಿಟ್ಟ ಸಾಮೀ ಆ ಲೋಫರ್!"

ಇನ್‌ಸ್ಪೆಕ್ಟರ್ ಭೀಮರಾಜ್ ಹೆಸರಲ್ಲಿ ಮಾತ್ರ ಭೀಮ. ಆಳು ಐವತ್ತೈದು ಕೆಜಿ, ಅದ್ರಲ್ಲಿ ಐದು ಕೆಜಿ ಬೂಟು-ಬೆಲ್ಟು. ಪೆನ್ನಿನ ಕ್ಯಾಪ್ ತೆಗೆದ್ರು.

"ಸತ್ತಿದಾರಾ?"

"ಇಲ್ಲ ಸಾಮೀ. ಕೋಲಾರದ ಆಸ್ಪತ್ರೆಗೆ ಹಾಕಿದೀವಿ. ಮಗಳಿಗೆ ಪ್ರಜ್ಞೆ ಇಲ್ಲ. ಹೆಂಡ್ರ ಕಾಲು ಚೂರಾಗೈತೆ."

"ಹಂಗಾದ್ರೆ ಸಾಯಿಸ್ದ ಅನ್ಬೇಡಿ. ಯಾರು ಲೋಫರ್?"

"ಚಿಕ್ಕಳಿಯ. ಚೈತನ್ಯ."

ಆವಲಪ್ಪ ಅಳೋದ್ರಲ್ಲಿ ಬಿಜಿ. ಮಿಕ್ಕಿದ್ದನ್ನ ಕದಿರೇಶ್ ಹೇಳಿದ. "ನಾನು ಹೇಳ್ಬಾರ್ದು ಸಾರ್, ಷಡ್ಡಕ ಬೇರೆ. ಆದ್ರೂ ನ್ಯಾಯ ಅಂತ ಒಂದೈತಲ್ಲ. ಹೋದ ಭಾನುವಾರ ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಮನೇಲೇ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಚೇಂಜ್ ಮಾಡವ್ನೆ. ಬ್ರೇಕ್ ಅಂದ್ರೆ ಚಪಾತಿನಾ ಸಾರ್, ಮನೇಲಿ ಮಾಡೋಕೆ? ನಾನಿದ್ದೆ, ನನ್ನ ಗ್ಯಾರೇಜಿತ್ತು. ಕೇಳ್ಲಿಲ್ಲ."

ಮಿಕ್ಕ ವಿಷಯ ಇಷ್ಟು. ಬುಧವಾರ ತಾಯಲೂರಲ್ಲಿ ಆವಲಪ್ಪನ ಮಗನ ಮಗುಗೆ ನಾಮಕರಣ. ಚಿಕ್ಕ ಮಗಳು ಗಂಗಾಲಕ್ಷ್ಮಿ ಬೈರಕೂರಿಂದ ಕಾರ್ ಓಡ್ಸ್ಕೊಂಡು ಬಂದಿದ್ಲು. ಗಂಡ ಚೈತನ್ಯನಿಗೆ ಮಾಲೂರಿನ ಫ್ಯಾಕ್ಟ್ರಿಯಲ್ಲಿ ರಜಾ ಸಿಕ್ಕಿರ್ಲಿಲ್ಲ. ಗುರುವಾರ ಬೆಳಿಗ್ಗೆ ತಾಯಿ ಅನಸೂಯಮ್ಮನ್ನ ಕೂರಿಸ್ಕೊಂಡು ಮುಳಬಾಗಿಲಿನ ಕಣ್ಣಿನ ಡಾಕ್ಟರ ಹತ್ರ ಹೊರಟ್ಲು. ಕೆರೆ ಕಟ್ಟೆ ಇಳಿಜಾರಲ್ಲಿ ಬ್ರೇಕ್ ಒತ್ತಿದ್ಲು. ಪೆಡಲ್ ಒಳಗೆ ಹೋಯ್ತು, ಕಾರು ನಿಲ್ಲಲಿಲ್ಲ. ಹೊಂಗೆ ಮರ ನಿಲ್ಲಿಸ್ತು.

ದೂರು ಬರೆದಿದ್ದು ಕದಿರೇಶ್. ಅಕ್ಷರ ಮುದ್ದಾಗಿತ್ತು. ಆವಲಪ್ಪ ಸೈನ್ ಹಾಕಿದ್ರು. ಬೇಜವಾಬ್ದಾರಿಯಿಂದ ಭಾರೀ ಗಾಯ ಮಾಡಿದ ಅಂತ ನ್ಯಾಯ ಸಂಹಿತೆ ಕಲಂ 125(ಬಿ) ಅಡಿ ಎಫ್‌ಐಆರ್ ಆಯ್ತು.

ಹೊರಡೋವಾಗ ಆವಲಪ್ಪ ತಿರುಗಿ ಹೇಳಿದ್ರು: "ನನ್ನ ಮಗಳು ಬದುಕಿದ್ರೂ ಆ ಮನೆಗೆ ಕಳ್ಸಲ್ಲ ಸಾಮೀ. ಅವನು ಆಸ್ಪತ್ರೆ ಮೆಟ್ಲು ಹತ್ತಿದ್ರೆ ಕಾಲು ಮುರೀತೀನಿ."

ಹೆಡ್ ಕಾನ್‌ಸ್ಟೇಬಲ್ ನಂದೀಶ್ ತಲೆಯೊಳಗೆ ಮೆದುಳಿರೋ ಜಾಗದಲ್ಲಿ ಟೂರಿಂಗ್ ಟಾಕೀಸ್ ಇದೆ. ಜೀಪ್ ಸ್ಟಾರ್ಟ್ ಮಾಡ್ತಾ ಡೈಲಾಗ್ ಬಿಟ್ಟ: "ಬ್ರೇಕ್ ಇಲ್ಲದ ಕಾರು, ಬುದ್ಧಿ ಇಲ್ಲದ ಅಳಿಯ, ಎರಡೂ ನಿಲ್ಲೋದು ಮರಕ್ಕೆ ಗುದ್ದಿದ್ಮೇಲೇ!"

"ಮುಂದೆ ನೋಡ್ಕೊಂಡು ಓಡ್ಸು ನಂದೀಶ. ನಮ್ಮ ಜೀಪಿನ ಬ್ರೇಕೂ ಅಷ್ಟಕ್ಕಷ್ಟೇ," ಅಂದ್ರು ಭೀಮರಾಜ್.

ಸ್ಥಳದಲ್ಲಿ ಜಾತ್ರೆಗಿಂತ ಹೆಚ್ಚು ಜನ. ಒಬ್ಬ ನಜ್ಜುಗುಜ್ಜಾದ ಕಾರಿನ ಮುಂದೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಸೆಲ್ಫಿ ತೆಗೀತಿದ್ದ. ಸೀಟಿನ ಮೇಲೆ ರಕ್ತ ಇನ್ನೂ ಹಸಿ. ಡಿಕ್ಕಿಯಲ್ಲಿದ್ದ ನಾಮಕರಣದ ಲಾಡಿನ ಡಬ್ಬ ಮಾತ್ರ ಖಾಲಿ. ಪಂಚನಾಮೆಗೆ ಸಾಕ್ಷಿ ಅಂತ ಕರೆದ ಯಜಮಾನರ ಮೀಸೇಲಿ ಬೂಂದಿ ಕಾಳು ಅಂಟ್ಕೊಂಡಿತ್ತು.

"ಥೂ," ಅಂದ್ಲು ಕಾನ್‌ಸ್ಟೇಬಲ್ ಧನಶ್ರೀ. "ಆಂಬುಲೆನ್ಸ್‌ಗೆ ಮುಂಚೆ ಲಾಡು ಎತ್ತವ್ರೆ ಸಾರ್."

"ಅದನ್ನ ಪಂಚನಾಮೆಯಲ್ಲಿ ಬರೆಯೋಕಾಗಲ್ಲಮ್ಮ. ರಸ್ತೆ ನೋಡು."

ರಸ್ತೆ ಮೇಲೆ ಇಳಿಜಾರಿನ ತಲೆಯಿಂದ ಮರದವರೆಗೂ ಬ್ರೇಕ್ ಆಯಿಲ್ ಗೆರೆ. ಟೈರ್ ಉಜ್ಜಿದ ಗುರುತು ಬಹಳ ಕಮ್ಮಿ. ಅಳತೆ ತಗೊಂಡ್ರು, ನಕ್ಷೆ ಹಾಕಿದ್ರು, ಕಾರನ್ನ ಠಾಣೆಗೆ ಎಳೆಸಿದ್ರು.

ಸಂಜೆ ನಾಲ್ಕಕ್ಕೆ ಚೈತನ್ಯ ತಾನೇ ಠಾಣೆಗೆ ಬಂದ, ಫ್ಯಾಕ್ಟ್ರಿ ಯೂನಿಫಾರ್ಮಲ್ಲೇ. ಆಸ್ಪತ್ರೆಗೆ ಹೋಗಿದ್ದನಂತೆ. ಮೂಗಿಂದ ರಕ್ತ ಒಸರ್ತಿತ್ತು. ಯಾರು ಹೊಡೆದಿದ್ದು ಅಂತ ಹೇಳ್ಲಿಲ್ಲ.

"ಪ್ಯಾಡ್ ಚೇಂಜ್ ಮಾಡಿದ್ದು ನೀನೇನಾ?"

"ಹೂಂ ಸಾರ್."

"ಯಾಕೆ?"

"ಹಳೇದು ಸವೆದೋಗಿತ್ತು. ಬ್ರೇಕ್ ಹಿಡಿದ್ರೆ ಕೀಂಯ್ ಅಂತಿತ್ತು."

"ಗ್ಯಾರೇಜಿಗೆ ಯಾಕೆ ಹೋಗ್ಲಿಲ್ಲ? ನಿಮ್ಮ ಷಡ್ಡಕರೇ ಮೆಕ್ಯಾನಿಕ್ ಅಲ್ವಾ?"

"ಕದಿರೇಶಣ್ಣ ಬರ್ತೀನಿ ಬರ್ತೀನಿ ಅಂತ ಒಂದು ತಿಂಗಳು ಆಟ ಆಡ್ಸಿದ್ರು. ನಾನೂ ಫ್ಯಾಕ್ಟ್ರಿಯಲ್ಲಿ ಮೆಷಿನ್ ಮೇಂಟೆನೆನ್ಸ್ ಮಾಡೋನು ಸಾರ್. ಆಸೆ ಆಯ್ತು."

"ಪ್ಯಾಡ್ ಹಾಕಿದ್ಮೇಲೆ ಪೆಡಲ್ ಪಂಪ್ ಮಾಡಿದ್ಯಾ?"

"ಗಟ್ಟಿ ಆಗೋವರೆಗೂ. ಆಮೇಲೆ ಊರು ಸುತ್ತಿ ಬಂದೆ. ಸೋಮವಾರನೂ ಓಡಿಸ್ದೆ. ಚೆನ್ನಾಗಿತ್ತು."

"ಬೋಲ್ಟ್ ಟೈಟ್ ಮಾಡಿದ್ಯಾ?"

"ಮಾಡ್ದೆ ಸಾರ್." ಅಷ್ಟು ಹೇಳಿ ತಲೆ ಎತ್ತಿದ. "ಸಾರ್, ಅವಳಿಗೆ ಪ್ರಜ್ಞೆ ಬಂತಾ? ನಂಗೆ ಯಾರೂ ಹೇಳ್ತಿಲ್ಲ."

ಭೀಮರಾಜ್‌ಗೂ ಗೊತ್ತಿರ್ಲಿಲ್ಲ. ಊರು ತಣ್ಣಗಾಗೋವರೆಗೂ ಅವನನ್ನ ಠಾಣೆಯಲ್ಲೇ ಕೂರಿಸೋದು ಅಂತಾಯ್ತು. ಆವಲಪ್ಪನ ಕಡೆಯವರು ಬೈರಕೂರಿನ ಮನೆ ಮುಂದೆ ಕಲ್ಲು ಹಿಡ್ಕೊಂಡು ನಿಂತವ್ರೆ ಅಂತ ಫೋನ್ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಕೋಲಾರದಿಂದ ಮೋಟಾರು ವಾಹನ ನಿರೀಕ್ಷಕರು ಬಂದ್ರು. ಮುಂದಿನ ಬಲಗಡೆ ಚಕ್ರ ಬಿಚ್ಚಿಸಿ, ಒಳಗೆ ಟಾರ್ಚ್ ಹಾಕಿ, ನಾಲ್ಕು ಮಾತಲ್ಲಿ ಕತೆ ಮುಗಿಸಿದ್ರು.

"ನೋಡಿ ಭೀಮರಾಜ್. ಇದು ಕ್ಯಾಲಿಪರ್. ಪ್ಯಾಡ್‌ಗಳನ್ನ ಡಿಸ್ಕಿಗೆ ಅದುಮಿ ಹಿಡಿಯೋ ಕಬ್ಬಿಣದ ಕೈ ಅನ್ಕೊಳಿ. ಇದನ್ನ ಹಿಡಿದಿಡೋಕೆ ಮೇಲೊಂದು, ಕೆಳಗೊಂದು ಬೋಲ್ಟು. ಕೆಳಗಿನದು ಇಲ್ಲ. ಬಿದ್ದೋಗಿದೆ. ಕ್ಯಾಲಿಪರ್ ಎಗರಿ ಚಕ್ರಕ್ಕೆ ಸಿಕ್ಕಿ ಆಯಿಲ್ ಪೈಪ್ ಹರೀತು. ಮುಗೀತು."

"ಬೋಲ್ಟು ಯಾಕೆ ಬಿತ್ತು?"

"ಟೈಟ್ ಮಾಡಿಲ್ಲ, ಬಿತ್ತು. ಮನೇಲಿ ಮಾಡೋರ ಕೆಲಸ ಹಿಂಗೇ."

ನಂದೀಶ್ ಕೈ ಕಟ್ಕೊಂಡ. "ಕ್ಲೈಮ್ಯಾಕ್ಸ್ ಸಾರ್. ಹೀರೋನೇ ವಿಲನ್."

ಭೀಮರಾಜ್ ಮಾತ್ರ ಮಂಡಿಯೂರಿ ಕೂತು ಮೇಲಿನ ಬೋಲ್ಟನ್ನೇ ನೋಡ್ತಿದ್ರು. ಅದರ ತಲೆ ಹಳದಿ. ಎಡಗಡೆ ಚಕ್ರನೂ ಬಿಚ್ಚಿಸಿದ್ರು. ಅಲ್ಲಿ ಎರಡೂ ಬೋಲ್ಟಿನ ತಲೆ ಹಳದಿ, ನಡುವೆ ಒಂದೊಂದು ಕೆಂಪು ಬೊಟ್ಟು.

"ಇದೇನಿದು, ಪೇಂಟಾ?"

ಧನಶ್ರೀ ಬಗ್ಗಿ ಮೂಸಿ ನೋಡಿದ್ಲು. "ಅಯ್ಯೋ ದೇವುಡಾ! ಅರಿಶಿನ ಕುಂಕುಮ ಸಾರ್. ಹರಳೆಣ್ಣೆ ವಾಸ್ನೆ ಬೇರೆ."

ಚೈತನ್ಯನ ಫೋನ್ ತರಿಸಿದ್ರು. ಭಾನುವಾರದ ಕೆಲಸವನ್ನ ಆಸಾಮಿ ಪೂರ್ತಿ ವಿಡಿಯೋ ಮಾಡಿ, ಚಿಕ್ಕದು ಮಾಡಿ, ನೆಂಟರ ಗ್ರೂಪಿಗೆಲ್ಲ ಕಳ್ಸಿದ್ದ. ಶುರುವಿನಲ್ಲೇ ಸ್ಪ್ಯಾನರ್ ತಿರುಗಿಸ್ತಾ ಕ್ಯಾಮೆರಾ ಕಡೆ ಒಂದು ಲುಕ್ಕು: "ಎಂಟ್ರಿ ಕೊಟ್ಟಿದ್ದು ಜಾಕಿ, ಎಕ್ಸಿಟ್ ಆಗಿದ್ದು ಹಳೇ ಪ್ಯಾಡು! ಗ್ಯಾರೇಜಿಗೆ ಟಾಟಾ, ಬೈಬೈ!" ನಂದೀಶ್ ಹಲ್ಲು ಕಿರಿದ. ಭೀಮರಾಜ್ ನೋಡಿದ ನೋಟಕ್ಕೆ ಬಾಯಿ ಮುಚ್ಚಿದ.

ಆದ್ರೆ ಡೈಲಾಗ್ ಪಕ್ಕಕ್ಕಿಟ್ಟು ನೋಡಿದ್ರೆ ಕೆಲಸ ಶುದ್ಧವಾಗಿತ್ತು. ಕಾರನ್ನ ಜಾಕಿ ಮೇಲೆ ಎತ್ತಿ, ಕೆಳಗೆ ಸೈಜುಗಲ್ಲು ಸಪೋರ್ಟ್ ಕೊಟ್ಟಿದ್ದ. ಕ್ಯಾಲಿಪರ್ ತೆಗೆದು ಪೈಪಿನ ಮೇಲೆ ಭಾರ ಬೀಳ್ದಂಗೆ ತಂತಿಯಲ್ಲಿ ಕಟ್ಟಿದ್ದ. ಹಳೇ ಪ್ಯಾಡು ತೋರಿಸ್ತಾ, "ನೋಡಿ, ಉಗುರಿನಷ್ಟೂ ಉಳಿದಿಲ್ಲ" ಅಂದಿದ್ದ. ಹೊಸದು ಹಾಕಿ, ಬೋಲ್ಟು ಕೂರಿಸಿ, ಸ್ಪ್ಯಾನರ್ ಕಟ್ ಅಂತ ಸದ್ದು ಬರೋವರೆಗೆ ತಿರುಗಿಸಿದ್ದ. ಅಷ್ಟರಲ್ಲಿ ಅವನ ತಾಯಿ ಅಂಜಮ್ಮ ಬಟ್ಟಲು ಹಿಡ್ಕೊಂಡು ಫ್ರೇಮಿಗೆ ಬಂದ್ರು.

"ಹೊಸ ಸಾಮಾನು ಕಣೋ, ಪೂಜೆ ಬ್ಯಾಡ್ವಾ?"

"ಅಮ್ಮಾ! ಪ್ಯಾಡಿಗೆ ಡಿಸ್ಕಿಗೆ ಎಣ್ಣೆ ಮುಟ್ಟಿಸ್ಬೇಡ, ಜಾರುತ್ತೆ! ಬೇಕಾದ್ರೆ ಬೋಲ್ಟಿನ ತಲೆಗೆ ಹಚ್ಚು."

"ಎಲ್ಲಾದ್ರೂ ಸರಿ, ದೇವ್ರಿಗೆ ಗೊತ್ತಾಗುತ್ತೆ."

ಅಂಜಮ್ಮ ಬೆರಳಲ್ಲಿ ಅದ್ದಿ, ನಾಲ್ಕೂ ಬೋಲ್ಟಿನ ತಲೆಗೆ ದಪ್ಪಕ್ಕೆ ಮೆತ್ತಿ, ಕುಂಕುಮ ಇಟ್ಟು, ಕೈ ಮುಗಿದ್ರು. ಆಮೇಲೆ ಚಕ್ರ ಕೂತ್ಕೊಂತು.

ಮಧ್ಯಾಹ್ನ ಅಂಜಮ್ಮನ್ನೇ ಕರೆಸಿ ಕೇಳಿದ್ರು. "ಹರಳೆಣ್ಣೆ ಯಾಕಮ್ಮ? ಎಲ್ರೂ ನೀರಲ್ಲಿ ಕಲಸ್ತಾರೆ."

"ನೀರಲ್ಲಿ ಕಲಸಿದ್ದು ಒಣಗಿ ಉದುರೋಗುತ್ತಲ್ಲಪ್ಪ. ಗಾಡಿ ಓಡೋದು. ಎಣ್ಣೆದಾದ್ರೆ ಅಂಟ್ಕೊಂಡಿರುತ್ತೆ. ನಮ್ಮತ್ತೆ ನೇಗಿಲಿಗೂ ಹಂಗೇ ಹಚ್ತಿದ್ರು." ಆಮೇಲೆ ಸೆರಗು ಬಾಯಿಗಿಟ್ಕೊಂಡ್ರು. "ನಾನು ಹಚ್ಚಿದ್ದಕ್ಕೇ ಹಿಂಗಾಯ್ತಾ ಸಾಮೀ? ನನ್ನ ಮಗನ್ನ ಬಿಡಿ. ನನ್ನ ಹಾಕಿ ಒಳಗೆ."

"ಸುಮ್ನಿರಮ್ಮ," ಅಂದ್ರು ಭೀಮರಾಜ್. "ನೀವು ಹಚ್ಚಿದ್ದು ಒಳ್ಳೇದಾಯ್ತು."

ನಂದೀಶ್‌ಗೆ ಅರ್ಥ ಆಗ್ಲಿಲ್ಲ. ಭೀಮರಾಜ್ ಬಿಡಿಸಿ ಹೇಳಿದ್ರು. "ಮೊದಲು ಟೈಟ್ ಮಾಡವ್ನೆ, ಆಮೇಲೆ ಅರಿಶಿನ ಬಿದ್ದೈತೆ. ಬೋಲ್ಟು ತಾನಾಗೇ ಸಡಿಲ ಆಗಿ ಬಿದ್ದಿದ್ರೆ, ತಲೆ ಮೇಲಿನ ಅರಿಶಿನ ಹಂಗೇ ಇರ್ಬೇಕು. ಆಮೇಲೆ ಯಾರಾದ್ರೂ ಸ್ಪ್ಯಾನರ್ ಹಾಕಿದ್ರೆ ಸುತ್ತಲೂ ಕೆರೆದೋಗಿರ್ಬೇಕು. ಬೋಲ್ಟು ಸಿಗ್ಬೇಕು."

"ತಾಯಲೂರು ರಸ್ತೆಯಲ್ಲಿ ಒಂದು ಬೋಲ್ಟಾ ಸಾರ್? ಹೀರೋಯಿನ್ ಕಳ್ಕೊಂಡಿರೋ ಕಾಲ್ಗೆಜ್ಜೆನಾದ್ರೂ ಹುಡುಕಬಹುದು."

"ಇಳಿ ಕೆಳಗೆ."

ಕೆರೆ ಕಟ್ಟೆಯಿಂದ ತಾಯಲೂರಿನ ಕಡೆಗೆ ನಡೆದ್ರು. ಬಿಸಿಲು, ಧೂಳು, ರಸ್ತೆ ಬದಿ ಎಸೆದಿದ್ದ ಕೋಳಿ ಅಂಗಡಿಯ ಪುಕ್ಕ-ಕರುಳು, ಅದಕ್ಕೆ ಮುತ್ತಿದ ನೊಣ. ನಂದೀಶ್ ಮೂಗಿಗೆ ಕರ್ಚೀಫ್ ಕಟ್ಕೊಂಡು ಕಡ್ಡಿಯಲ್ಲಿ ಕೆದಕ್ತಿದ್ದ. ಇಳಿಜಾರಿಗೆ ಸ್ವಲ್ಪ ಮುಂಚೆ ಒಂದು ಹಂಪ್ ಇದೆ. ಅದರ ಆಚೆ ಬದಿ, ಅದೇ ಕರುಳಿನ ರಾಶಿ ಪಕ್ಕ, ಧನಶ್ರೀ ಕೂಗಿದ್ಲು: "ಸಾರ್! ದೊರಿಕಿಂದಿ! ಸಿಕ್ತು!"

ಬೋಲ್ಟಿನ ತಲೆಯ ನೆತ್ತಿ ಮೇಲೆ ಅರಿಶಿನ ಕುಂಕುಮ ಹಂಗೇ ಕೂತಿತ್ತು. ಸುತ್ತಲ ಆರೂ ಪಟ್ಟಿ ಮಾತ್ರ ಬೋಳು. ಮೂಲೆಯಲ್ಲಿ ಹೊಳಪು ಗೀರು. ಸ್ಪ್ಯಾನರ್ ಕಚ್ಚಿದ ಗೀರು. ಪಂಚರ ಮುಂದೆ ಕವರಿಗೆ ಹಾಕಿ ಅರಗು ಹಚ್ಚಿದ್ರು.

ಅಂದ್ರೆ ಭಾನುವಾರದ ಪೂಜೆಗೂ ಗುರುವಾರದ ಗುದ್ದಿಗೂ ನಡುವೆ ಒಂದು ಕೈ ಬಂದಿದೆ. ಆ ಕೈ ಚೈತನ್ಯನದೂ ಇರ್ಬಹುದಲ್ಲ? ಭೀಮರಾಜ್ ಮಾಲೂರಿಗೆ ಫೋನ್ ಮಾಡಿದ್ರು. ಮಂಗಳವಾರ ಬೆಳಿಗ್ಗೆಯಿಂದ ಗುರುವಾರದವರೆಗೆ ಚೈತನ್ಯ ಫ್ಯಾಕ್ಟ್ರಿಯಲ್ಲಿ ಡ್ಯೂಟಿ, ಗೇಟಲ್ಲಿ ಬೆರಳಚ್ಚು ಪಂಚ್ ಆಗಿದೆ. ರಾತ್ರಿ ಸ್ನೇಹಿತರ ರೂಮು. ಇನ್ನು ಸೋಮವಾರದಿಂದ ಬುಧವಾರದವರೆಗೆ ಬ್ರೇಕ್ ಹೆಂಗಿತ್ತು ಅನ್ನೋದನ್ನ ಹೇಳ್ಬೇಕಾದವಳು ಒಬ್ಬಳೇ.

ಶನಿವಾರ ಬೆಳಿಗ್ಗೆ ಗಂಗಾಲಕ್ಷ್ಮಿಗೆ ಪ್ರಜ್ಞೆ ಬಂತು ಅಂತ ಆಸ್ಪತ್ರೆಯಿಂದ ಸುದ್ದಿ. ಭೀಮರಾಜ್, ಧನಶ್ರೀ ನಂದೀಶನ ಜೀಪಲ್ಲಿ ಕೋಲಾರಕ್ಕೆ ಹೊರಟ್ರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕದಿರೇಶ್ ಮೂಸಂಬಿ ಸುಲೀತಿದ್ದ. ಎಳೆ ಎಳೆಯಾಗಿ ನಾರು ತೆಗೆದು, ಬೀಜ ತೆಗೆದು, ತಟ್ಟೆಗೆ ಜೋಡಿಸ್ತಿದ್ದ. "ಅತ್ತೆಗೆ ಸಾರ್. ರಾಡ್ ಹಾಕವ್ರೆ ಕಾಲಿಗೆ. ನಿಮಗೂ ಒಂದು ತೊಳೆ?"

"ಬೇಡ."

ಒಳಗೆ ಗಂಗಾಲಕ್ಷ್ಮಿ ಕೆನ್ನೆ ತುಂಬ ಹೊಲಿಗೆ. ಒಂದು ಕಣ್ಣು ಊದಿ ಮುಚ್ಚಿತ್ತು. ಮೊದಲ ಮಾತೇ ಪ್ರಶ್ನೆ.

"ಅವ್ರು ಯಾಕೆ ಬಂದಿಲ್ಲ?"

"ಬಂದಿದ್ರು. ಬಿಡ್ಲಿಲ್ಲ," ಅಂದ್ಲು ಧನಶ್ರೀ. "ನಿಮ್ಮಪ್ಪ ಅವರ ಮೇಲೆ ಕಂಪ್ಲೇಂಟ್ ಕೊಟ್ಟವ್ರೆ ಅಕ್ಕ. ಬ್ರೇಕ್ ಸರಿಯಾಗಿ ಹಾಕಿಲ್ಲ ಅಂತ."

"ಸುಳ್ಳು. ಬುಧವಾರ ಬರ್ತಾ ಊರ ಹತ್ರ ಎಮ್ಮೆ ಅಡ್ಡ ಬಂತು. ಗಕ್ಕಂತ ನಿಂತ್ಕೊಂತು ಕಾರು. ಹಿಂದೆ ಕೂತಿದ್ದ ನಮ್ಮತ್ತೆ ತಲೆ ಮುಂದಿನ ಸೀಟಿಗೆ ಬಡೀತು. ಅವ್ರು ಊಟ ಮಾಡಿ ಸಂಜೆ ಬಸ್ಸಿಗೆ ವಾಪಸ್ ಹೋದ್ರು."

"ಗುರುವಾರ?"

"ಹೊರಟಾಗ್ಲೇ ಬಲಗಡೆ ಚಕ್ರದಲ್ಲಿ ಟಕ ಟಕ ಅಂತಿತ್ತು. ಊರ ಬಾಗಿಲಲ್ಲಿ ನಿಲ್ಸಿ ಭಾವಂಗೆ ಫೋನ್ ಮಾಡ್ದೆ."

ಭೀಮರಾಜ್ ಬರೆಯೋದು ನಿಲ್ಸಿದ್ರು. "ಯಾವ ಭಾವಂಗೆ?"

"ಕದಿರೇಶ ಭಾವಂಗೆ. ‘ಪ್ಯಾಡ್ ಹೊಸದಲ್ವೇನಮ್ಮ, ಸೌಂಡ್ ಬರ್ತೈತೆ, ಓಡ್ಸು. ಅಷ್ಟು ಅನುಮಾನ ಇದ್ರೆ ನಿನ್ನ ಗಂಡನ್ನೇ ಕೇಳು’ ಅಂದ್ರು. ನಂಬಿ ಓಡಿಸ್ದೆ."

ದೂರು ಬರೆದ ಆ ಮುದ್ದು ಅಕ್ಷರದಲ್ಲಿ ಈ ಫೋನಿನ ವಿಷಯ ಎಲ್ಲೂ ಇರ್ಲಿಲ್ಲ.

ಹೊರಗೆ ಬಂದಾಗ ಬೆಂಚು ಖಾಲಿ. ಕದಿರೇಶ್ ಅನಸೂಯಮ್ಮನ ಪಕ್ಕ ಕೂತು ತೊಳೆ ಬಾಯಿಗಿಡ್ತಿದ್ದ. ಆ ಹೆಂಗಸು ಅಳಿಯನ ತಲೆ ಸವರ್ತಿದ್ಲು. ಧನಶ್ರೀ ಅದನ್ನ ಬಾಗಿಲಿಂದ ನೋಡಿದ್ಲು. ಮೆಟ್ಲಿಳೀತಾ ತನ್ನ ಫೋನ್ ಮುಂದೆ ಹಿಡಿದ್ಲು. ಬೈರಕೂರಿನ ಪರಿಚಯದವರೊಬ್ಬರು ಕಳ್ಸಿದ್ದ ಕದಿರೇಶನ ವಾಟ್ಸಾಪ್ ಸ್ಟೇಟಸ್. ಜಜ್ಜಿದ ಕಾರಿನ ಫೋಟೋ, ಸೀಟಿನ ರಕ್ತ ಕಾಣೋ ಹಂಗೆ. ಮೇಲೆ ಕೆಂಪಕ್ಷರ: ‘ಮನೇಲೇ ಬ್ರೇಕ್ ರಿಪೇರಿ ಮಾಡೋ ಹೀರೋಗಳೇ, ಎಚ್ಚರ!’ ಕೆಳಗೆ ಗ್ಯಾರೇಜಿನ ಫೋನ್ ನಂಬರ್.

ಭೀಮರಾಜ್ ಎರಡು ಸಲ ಓದಿದ್ರು. ಕ್ಯಾಂಟೀನಲ್ಲಿ ಹೇಳಿದ್ದ ಕಾಫಿ ಬಂತು. ಕುಡೀಲಿಲ್ಲ.

"ಇವನ್ನ ಇವತ್ತೇ ಎತ್ತಾಕೋಣ ಸಾರ್," ಅಂದ್ಲು ಧನಶ್ರೀ.

"ಸ್ಟೇಟಸ್ ಹಾಕಿದ್ದಕ್ಕೆ ಅರೆಸ್ಟ್ ಮಾಡೋಕಾಗಲ್ಲ. ತಾಯಲೂರಿಗೆ ನಡಿ."

ತಾಯಲೂರಲ್ಲಿ ಆವಲಪ್ಪನ ಮನೆ ಮುಂದೆ ಶಾಮಿಯಾನದ ಕಂಬ ಇನ್ನೂ ಕಿತ್ತಿರ್ಲಿಲ್ಲ. ಬುಧವಾರ ಗಂಗಾಲಕ್ಷ್ಮಿ ಕಾರು ನಿಂತಿದ್ದು ಮನೆ ಹಿಂದೆ, ತಿಪ್ಪೆ ಪಕ್ಕ. ಊಟದ ಹೊತ್ತಿಗೆ ಎಲ್ರೂ ಮುಂದುಗಡೆ ಪಂಕ್ತಿಯಲ್ಲಿ. ಮನೆಯವರನ್ನ ಒಬ್ಬೊಬ್ಬರನ್ನೇ ಕೇಳಿದ್ರು. ಕಾರ್ ಹತ್ರ ಯಾರೂ ಹೋಗಿಲ್ಲ. ಯಾರನ್ನೂ ನೋಡಿಲ್ಲ. ಕೊನೆಗೆ ಪಾತ್ರೆ ತೊಳೆಯೋಕೆ ಬಂದಿದ್ದ ದೊಡ್ಡಮುನಿಯಮ್ಮ ಸಿಕ್ಕಿದ್ರು.

"ಅಜ್ಜಿ, ಬುಧವಾರ ಆ ಕಾರಿನ ಹತ್ರ ಯಾರಾದ್ರೂ ಬಂದಿದ್ರಾ?"

"ಯಾರೂ ಬಂದಿಲ್ಲ ನಾಯನಾ. ನಾನೇ ಎಂಜಲೆಲೆ ಎತ್ತಿ ತಿಪ್ಪೆಗೆ ಹಾಕ್ತಿದ್ದೆ. ಒಂದು ನರಪಿಳ್ಳೆ ಇಲ್ಲ."

"ಗ್ಯಾಪಕ ಮಾಡ್ಕೊಳಿ."

"ಏಮಪ್ಪಾ, ನನ್ನ ಕಣ್ಣು ಕಾಣಲ್ಲ ಅನ್ಕೊಂಡ್ಯಾ? ಯಾರೂ ಇಲ್ಲ. ಕದಿರೇಶ ಒಬ್ಬ ಕಾರ್ ಕೆಳಗಿದ್ದ, ಅಷ್ಟೇ."

ನಂದೀಶ್ ಬಾಯಿ ತೆರೆದ. ಭೀಮರಾಜ್ ಕೈ ತೋರಿಸಿ ತಡೆದ್ರು.

"ಕದಿರೇಶ ಇದ್ದ. ಮತ್ತೆ ಯಾರೂ ಇಲ್ಲ ಅಂದ್ರಿ?"

"ಅಯ್ಯೋ, ಅವನದೇನು ಹೊಸದು? ಮದುವೆ ಆಗ್ಲಿ, ತಿಥಿ ಆಗ್ಲಿ, ಸಾಮಾನಿನ ಪೆಟ್ಟಿಗೆ ಹಿಡ್ಕೊಂಡು ಈ ಮನೆಗೆ ಬಂದ ಅಂದ್ರೆ ಯಾರದಾದ್ರೂ ಗಾಡಿ ಕೆಳಗೆ ನುಗ್ಗಿರ್ತಾನೆ. ಹೊರಗಡೆ ಅವನ ಕಾಲೆರಡೇ ಕಾಣೋದು. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಎಲೆ ಹಾಕೈತೆ ಬಾರಪ್ಪ ಅಂದೆ. ಮುಂದಿನ ಪಂಕ್ತಿಗೆ ಬರ್ತೀನಿ ಅಂದ."

ಇಡೀ ನೆಂಟರ ಬಳಗದ ಕಣ್ಣ ಮುಂದೆ, ಹಾಡಹಗಲು, ಮನುಷ್ಯ ಚಕ್ರ ಬಿಚ್ಚಿದ್ದ. ಹಿತ್ತಲಿಗೆ ಕೈ ತೊಳೆಯೋಕೆ ಹೋದವರೆಲ್ಲ ಆ ಕಾಲೆರಡನ್ನ ನೋಡಿದ್ರು. ಒಬ್ಬರಿಗೂ ಅದು ‘ಯಾರೋ’ ಅನ್ನಿಸ್ಲಿಲ್ಲ. ದೊಡ್ಡಮುನಿಯಮ್ಮನ ಹೇಳಿಕೆ ತಗೊಂಡು ಹೆಬ್ಬೆಟ್ಟು ಹಾಕಿಸಿದ್ರು.

ಸಂಜೆ ಐದಕ್ಕೆ ಬೈರಕೂರು ಕ್ರಾಸ್. ಕದಿರೇಶ್ ಆಸ್ಪತ್ರೆಯಿಂದ ಬಂದು ಗ್ಯಾರೇಜ್ ತೆಗೆದಿದ್ದ. ಎರಡು ಕಾರು ಕಾಯ್ತಿದ್ವು, ಎರಡೂ ಬ್ರೇಕ್ ಚೆಕ್‌ಗೆ. ಸ್ಟೇಟಸ್ ಕೆಲಸ ಮಾಡಿತ್ತು.

"ಬನ್ನಿ ಸಾರ್, ಟೀ ತರಿಸ್ಲಾ?"

"ಟೂಲ್ ಬಾಕ್ಸ್ ತೆಗಿ."

"ಯಾಕ್ ಸಾರ್?"

"ತೆಗಿ ಅಂದೆ."

ಪಂಚರ ಮುಂದೆ ಸ್ಪ್ಯಾನರ್‌ಗಳನ್ನ ಗೋಣಿತಾಟಿನ ಮೇಲೆ ಸಾಲಾಗಿ ಹರಡಿದ್ರು. ಎಲ್ಲವೂ ಗ್ರೀಸ್ ಮೆತ್ತಿ ಕಪ್ಪು. ಹದಿನಾಲ್ಕನೇ ನಂಬರಿನ ರಿಂಗ್ ಸ್ಪ್ಯಾನರ್ ಒಳಗಿನ ಹಲ್ಲಲ್ಲಿ ಮಾತ್ರ, ಗ್ರೀಸಿನ ಮೇಲೆ, ಹಳದಿ.

"ಇದೇನಪ್ಪ?"

"ಆಯುಧಪೂಜೆದು ಸಾರ್. ಎಲ್ಲ ಟೂಲಿಗೂ ಹಚ್ತೀವಲ್ಲ."

"ಆಯುಧಪೂಜೆ ಆಗಿ ಎರಡು ತಿಂಗಳಾಯ್ತು. ಮಿಕ್ಕಿದ್ದಕ್ಕೆ ಯಾಕಿಲ್ಲ?"

"ತೊಳೆದೋಗಿರ್ಬೇಕು ಸಾರ್."

"ಇದೊಂದು ಮಾತ್ರ ತೊಳೆದಿಲ್ಲ. ಅದೂ ರಿಂಗಿನ ಒಳಗಡೆ. ನೀನು ಅರಿಶಿನ ಏನ್ರಲ್ಲಿ ಕಲಸ್ತೀಯ?"

"ನೀರಲ್ಲಿ ಸಾರ್. ಇನ್ನೇನ್ರಲ್ಲಿ ಕಲಸ್ತಾರೆ?"

ಭೀಮರಾಜ್ ಸ್ಪ್ಯಾನರನ್ನ ಅವನ ಮೂಗಿನ ಹತ್ರ ಹಿಡಿದ್ರು. ಕದಿರೇಶ್ ಮೂಸಿದ. ಕಣ್ಣು ಒಂದು ಸಲ ಬಾಗಿಲ ಕಡೆ ಹೋಗಿ ವಾಪಸ್ ಬಂತು.

"ಹರಳೆಣ್ಣೆ. ಎಫ್‌ಎಸ್‌ಎಲ್ ಲ್ಯಾಬಿಗೆ ಕಳ್ಸ್ತೀನಿ. ಬೋಲ್ಟಿನ ಮೇಲಿರೋದಕ್ಕೆ ಹೊಂದಿಸಿ ನೋಡ್ತಾರೆ. ಗುರುವಾರ ಬೆಳಿಗ್ಗೆ ಗಂಗಾಲಕ್ಷ್ಮಿ ನಿಂಗೆ ಫೋನ್ ಮಾಡಿದ್ಲು. ನೀನು ಓಡ್ಸು ಅಂದೆ. ಬುಧವಾರ ನೀನು ಚಕ್ರ ಬಿಚ್ಚಿದ್ದನ್ನ ನೋಡಿದವರಿದಾರೆ. ಇನ್ನೇನಾದ್ರೂ ಹೇಳ್ಬೇಕಾ?"

ಕದಿರೇಶ್ ಟೈರ್ ಮೇಲೆ ಕೂತ.

"ಸಾಯಿಸ್ಬೇಕು ಅಂತ ಮಾಡಿಲ್ಲ ಸಾರ್. ನಮ್ಮಪ್ಪನಾಣೆ. ಸೌಂಡ್ ಬರ್ಲಿ ಅಂತ ಸಡಿಲ ಮಾಡಿದ್ದು. ಮನೆ ಬಾಗಿಲಲ್ಲೇ ಟಕ ಟಕ ಅಂದ್ರೆ ನನ್ನ ಕರೀತಾರೆ, ನಾನು ಎಲ್ರ ಮುಂದೆ ಬಿಚ್ಚಿ ತೋರಿಸ್ತೀನಿ, ಹುಡುಗ ಬಾಲ ಮುದುರ್ಕೊಂಡು ಬಿದ್ದಿರ್ತಾನೆ ಅಂತ. ಅಷ್ಟೇ."

"ಕರೆದ್ಲಲ್ಲೋ! ಫೋನ್ ಮಾಡಿ ಕರೆದ್ಲಲ್ಲ!" ಧನಶ್ರೀ ಕಿರುಚಿದ್ಲು. "ನಿಲ್ಸು ಅನ್ನೋಕೆ ಏನಾಗಿತ್ತು ನಿಂಗೆ ರೋಗ?"

"ಬಾಯಿಗೆ ಬಂದಿತ್ತು ಮೇಡಂ." ಕದಿರೇಶ್ ನೆಲ ನೋಡ್ತಿದ್ದ. "ಇನ್ನೊಂಚೂರು ಜೋರಾಗಿ ಬಡ್ಕೊಳ್ಲಿ, ಅವಳೇ ಹೆದ್ರಿ ವಾಪಸ್ ಬರ್ತಾಳೆ, ಅನ್ಕೊಂಡೆ."

ನಂದೀಶ್ ಬೇಡಿ ಹಾಕಿದ. ಸಂಜೆ ಐದೂ ಮುಕ್ಕಾಲಿಗೆ ದಸ್ತಗಿರಿ ಅಂತ ದಾಖಲಾಯ್ತು. ಎಫ್‌ಐಆರ್‌ಗೆ ಕಲಂ 110, ಅಂದ್ರೆ ನರಹತ್ಯೆ ಯತ್ನ, ಸೇರಿಸೋಕೆ ನ್ಯಾಯಾಲಯಕ್ಕೆ ವರದಿ ಹೋಯ್ತು.

ಠಾಣೆಯಲ್ಲಿ ಆವಲಪ್ಪ ಕಾಯ್ತಿದ್ರು. ಫೋನಲ್ಲೇ ವಿಷಯ ಗೊತ್ತಾಗಿತ್ತು. ಜೀಪಿಂದ ಇಳಿದ ದೊಡ್ಡಳಿಯನ್ನ ಒಂದು ಸಲ ನೋಡಿ, ಕಾಂಪೌಂಡ್ ಗೋಡೆ ಕಡೆ ತಿರುಗಿ ವಾಂತಿ ಮಾಡ್ಕೊಂಡ್ರು. ಬೆಳಿಗ್ಗೆ ಅವನು ಸುಲಿದು ಕೊಟ್ಟಿದ್ದ ಮೂಸಂಬಿ. ಚೈತನ್ಯ ಒಳಗಿಂದ ಚೊಂಬಲ್ಲಿ ನೀರು ತಂದು ಹಿಡಿದ. ಆವಲಪ್ಪ ಬಾಯಿ ಮುಕ್ಕಳಿಸಿದ್ರು. ಅಳಿಯನ ಊದಿದ ಮೂಗು ನೋಡಿದ್ರು. ಕ್ಷಮಿಸು ಅನ್ನೋ ಅಭ್ಯಾಸ ಆ ತಲೆಗಿಲ್ಲ.

"ಕೋಲಾರದ ಲಾಸ್ಟ್ ಬಸ್ ಐತೆ," ಅಂದ್ರು. "ಅವಳು ನಿನ್ನೇ ಕೇಳ್ತವ್ಳೆ. ಹೋಗಪ್ಪ."

ಚೈತನ್ಯ ಚೊಂಬು ಅಲ್ಲೇ ಇಟ್ಟು ಓಡಿದ.

ಹೇಳಿಕೆ ಬರ್ಕೊಳೋವಾಗ ಕದಿರೇಶ್ ತಾನಾಗೇ ಮಾತಾಡಿದ. ಆ ಮನೆಯಲ್ಲಿ ಅವನು ದೊಡ್ಡಳಿಯ ಅನ್ನೋದು ಬರೀ ವರಸೆ. ಓದಿಲ್ಲ, ಜಮೀನಿಲ್ಲ, ನಾಲ್ಕು ಜನದ ಮುಂದೆ ಮಾತು ಬರಲ್ಲ. ಆದ್ರೆ ಯಾವ ಕಾರ್ಯ ಆದ್ರೂ ಎಲೆ ಹಾಕೋ ಮುಂಚೆ ಯಾರಾದ್ರೂ ಬಂದು, "ಕದಿರೇಶಪ್ಪ, ಗಾಡಿ ಒಂಥರಾ ಆಡ್ತೈತೆ, ಒಸಿ ನೋಡ್ತೀಯಾ" ಅಂತಿದ್ರು. ಅವನು ಅಂಗಿ ಬಿಚ್ಚಿ ಕೆಳಗೆ ನುಗ್ಗಿದ್ರೆ ಸುತ್ತ ಜನ ನಿಲ್ತಿದ್ರು. ಈ ಸಲ ಯಾರೂ ಬರ್ಲಿಲ್ಲ. ಮಾವನೇ ಪಾಯಸ ಬಡಿಸ್ತಾ, "ಇನ್ಮೇಲೆ ಗಾಡಿ ಕೆಟ್ರೆ ಚೈತನ್ಯಂಗೆ ವಿಡಿಯೋ ಕಾಲ್ ಹಾಕ್ರಪ್ಪ" ಅಂದ್ರು. ಪಂಕ್ತಿ ಪೂರ್ತಿ ನಕ್ಕಿತು. ಇವನೂ ನಕ್ಕ. ಬಡಿಸ್ತಿದ್ದ ನೀರಿನ ಚೊಂಬು ಕೆಳಗಿಟ್ಟು ಹಿತ್ತಲಿಗೆ ಹೋದ.

"ಸಡಿಲ ಮಾಡ್ಬೇಕು ಅಂತ್ಲೇ ಹೋದ್ಯಾ?" ಭೀಮರಾಜ್ ಕೇಳಿದ್ರು.

"ಇಲ್ಲ ಸಾರ್. ತಪ್ಪು ಹುಡುಕೋಕೆ ಹೋದೆ. ಏನಾದ್ರೂ ಒಂದು ತಪ್ಪು ಮಾಡಿರ್ತಾನೆ, ಮನೇಲಿ ಮಾಡಿದ್ದಲ್ವಾ. ಫೋಟೋ ತೆಗೆದು ಗ್ರೂಪಿಗೆ ಹಾಕೋಣ ಅಂತ."

"ಸಿಕ್ತಾ?"

ಕದಿರೇಶ್ ಬೇಡಿ ಹಾಕಿದ್ದ ಕೈಯಲ್ಲೇ ಹಣೆ ಒರೆಸ್ಕೊಂಡ. ಗ್ರೀಸ್ ಇನ್ನೊಂದು ಕಡೆ ಹರಡ್ತು.

"ಎಲ್ಲ ಕಡೆ ನೋಡ್ದೆ ಸಾರ್. ಎರಡೆರಡು ಸಲ ನೋಡ್ದೆ. ನಾನು ಹಾಕೋದಕ್ಕಿಂತ ಚೆನ್ನಾಗಿ ಹಾಕಿದ್ದ."